ದ್ವೆಂಜಾಂಗ್ (ಕೊರಿಯಾದ ಹುದುಗಿಸಿದ ಸೋಯಾ ಪೇಸ್ಟ್) ಮನೆಯಲ್ಲೇ ಹಾಕಿದವರು ಅನುಭವ ಹೇಳಿ

ಅರ್ಧ ಬುಸಾನ್: ಅಮ್ಮ ಬುಸಾನಿನವರು, ಅಪ್ಪ ಮೈಸೂರಿನವರು. ಅಮ್ಮ ಹೋದಮೇಲೆ ಮನೆಯಲ್ಲಿ ಕೊರಿಯನ್ ಅಡುಗೆ ನಿಂತೇ ಹೋಯಿತು. ಈಗ ಕೊರಿಯಾದ ಸುವಾನ್‌ನಲ್ಲಿದ್ದೇನೆ, ಎಂಟನೇ ಮಹಡಿ. ಮೆಜು (ಬೇಯಿಸಿ ಕುಟ್ಟಿದ ಸೋಯಾದ ಹುದುಗಿಸಿದ ಇಟ್ಟಿಗೆ) ಕೊಂಡು ತರಲೋ, ನಾನೇ ಕಟ್ಟಲೋ?

ಭರಣಿ ಭಟ್ರು: ಕಟ್ಟಿ. ಕೊಂಡು ತಂದರೆ ಅರ್ಧ ಕೆಲಸ ಬೇರೆಯವರದ್ದಾಯಿತು. ಸೋಯಾ ರಾತ್ರಿಯಿಡೀ ನೆನೆಸಿ, ಬೆರಳಲ್ಲಿ ಹಿಚುಕಿದರೆ ಮುದ್ದೆಯಾಗುವ ತನಕ ನಾಲ್ಕೈದು ಗಂಟೆ ಬೇಯಿಸಿ, ಬಿಸಿಯಲ್ಲೇ ಕುಟ್ಟಬೇಕು. ನುಣ್ಣಗೆ ಅರೆಯಬೇಡಿ, ಒಡೆದ ಕಾಳು ಅಲ್ಲಲ್ಲಿ ಉಳಿದರೆ ಒಳಗೆ ಗಾಳಿಯಾಡುತ್ತದೆ. ಇಟ್ಟಿಗೆ ತೀರಾ ದಪ್ಪವಾದರೆ ಮೇಲೆ ಒಣಗಿ ಒಳಗೆ ಕೊಳೆಯುತ್ತದೆ. ಭತ್ತದ ಹುಲ್ಲಲ್ಲೇ ಕಟ್ಟಿ, ಹುದುಗಿಸುವ ಬ್ಯಾಸಿಲಸ್ ಬ್ಯಾಕ್ಟೀರಿಯಾ ಬರುವುದು ಅದರಿಂದ. ನೈಲಾನ್ ಹಗ್ಗದಲ್ಲಿ ನೇತುಹಾಕಿ ಆಮೇಲೆ ರುಚಿ ಬರಲಿಲ್ಲ ಅನ್ನಬೇಡಿ. ಬಿಳಿ, ಹಳದಿ ಬೂಸ್ಟು ಇರಲಿ. ಕಪ್ಪು ಬೂಸ್ಟು ಒಳಗಿಳಿದಿದ್ದರೆ ಎಸೆಯಿರಿ.

ಇಂಚನ್ ಸೊಸೆ: ಎಂಟನೇ ಮಹಡಿಯಲ್ಲಿ ಆ ವಾಸನೆಗೆ ಅಕ್ಕಪಕ್ಕದವರ ಹತ್ತಿರ ಬೈಸಿಕೊಳ್ಳೋರು ಭಟ್ರಲ್ಲವಲ್ಲ! ಮೆಜು ಕೊಂಡೇ ತನ್ನಿ. ಕೆಡುವುದು ಉಪ್ಪಲ್ಲಿ. ಒಂದೂವರೆ ಕಿಲೋ ಮೆಜುವಿಗೆ 5 ಲೀಟರ್ ನೀರು, 1.1 ಕಿಲೋ ಸಮುದ್ರದ ಉಪ್ಪು. ಇದು ಕೊರಿಯನ್ ಚಾಂದ್ರಮಾನದ ಮೊದಲ ತಿಂಗಳ (ಫೆಬ್ರವರಿ ಸುಮಾರಿನ) ಲೆಕ್ಕ. ಮೂರನೇ ತಿಂಗಳಿಗೆ ಎಳೆದರೆ ಬಿಸಿಲೇರಿರುತ್ತದೆ, ನೀರಿನ ಉಪ್ಪು ಶೇ. 18ರಿಂದ 20ಕ್ಕೆ ಏರಿಸಿ. ಮೊಟ್ಟೆ ತೇಲಿ 500 ವೊನ್ ನಾಣ್ಯದಗಲ ಮೇಲೆ ಕಾಣಬೇಕು, ಮೊಟ್ಟೆ ತಾಜಾ ಇರಬೇಕು. ಹಳೇದು ಸಪ್ಪೆ ನೀರಲ್ಲೂ ತೇಲಿ ಮೋಸ ಮಾಡುತ್ತದೆ. ದುಡ್ಡು ಹೋಗುವುದು ಸೋಯಾಗಲ್ಲ, ಒಂಗಿ ಎಂಬ ಕೊರಿಯನ್ ಮಣ್ಣಿನ ಭರಣಿಗೆ ಮತ್ತು ಮೂರು ವರ್ಷ ಕಹಿನೀರು ಬಸಿದ ಉಪ್ಪಿಗೆ. ಅಲ್ಲಿ ಜುಗ್ಗತನ ಮಾಡಿದರೆ ಕಹಿ ಗ್ಯಾರಂಟಿ. ನಲವತ್ತರಿಂದ ಅರವತ್ತು ದಿನಕ್ಕೆ ಗಂಜಾಂಗ್ (ಮೆಜು ನೆನೆದ ಉಪ್ಪುನೀರು, ಅದೇ ಸೋಯಾ ಸಾಸ್) ಬಸಿದುಬಿಡಿ, ಉಳಿದ ಮೆಜುವೇ ದ್ವೆಂಜಾಂಗ್.

ಭರಣಿ ಭಟ್ರು: ಅರವತ್ತಕ್ಕೆ ಬಸಿದರೆ ಗಂಜಾಂಗ್ ನೀರುನೀರು. ಇನ್ನೂ ಬಿಡಬೇಕು.

ಇಂಚನ್ ಸೊಸೆ: ಬಿಟ್ಟರೆ ಸಾರವೆಲ್ಲ ಗಂಜಾಂಗ್‌ಗೆ ಇಳಿದು ದ್ವೆಂಜಾಂಗ್ ಹಿಂಡಿಯಾಗುತ್ತದೆ. ಅವರು ಕೇಳಿದ್ದು ದ್ವೆಂಜಾಂಗ್!

ಹಿಂಗುಡಬ್ಬಿ: ಇದೆಲ್ಲ ಯಾಕೆ, ಕಿಮ್ಚಿಯಿಂದ ಶುರುಮಾಡಿ. ಸಸ್ಯಾಹಾರಿಗಳೂ ಮಾಡಬಹುದು: ಮೀನಿನ ಸಾಸ್ ಬದಲು ದಾಶಿಮಾ (ಒಣ ಕಡಲಕಳೆ), ಒಣ ಶಿಟಾಕೆ ಅಣಬೆ ಕುದಿಸಿದ ನೀರು, ಸಾರಿನ ಗಂಜಾಂಗ್. ಬೆಳ್ಳುಳ್ಳಿ ಬದಲು ಚಿಟಿಕೆ ಹಿಂಗು. ಗೊಚುಗಾರು (ಕೊರಿಯನ್ ಮೆಣಸಿನಪುಡಿ) ದುಬಾರಿ, ಬ್ಯಾಡಗಿ ಪುಡಿ ಸಾಕು, ಬಣ್ಣ ಅದೇ.

ಇಂಚನ್ ಸೊಸೆ: ಸಾರಿನ ಪುಡಿಯ ಹಾಗೆ ನುಣ್ಣಗಿದ್ದರೆ ಎಲೆಗೆ ಕೆಸರು ಮೆತ್ತಿದಂತಾಗುತ್ತದೆ. ಬೀಜ ತೆಗೆದು ತರಿತರಿಯಾಗಿ ಪುಡಿಮಾಡಿದರೆ ಸರಿ. ಇನ್ನು ಹಿಂಗು! ಕೊರಿಯಾದ ಬೌದ್ಧ ದೇಗುಲದ ಅಡುಗೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಜೊತೆಗೆ ನಿಷಿದ್ಧವಾದ ಐದರಲ್ಲಿ ಹಿಂಗೂ ಒಂದು. ಬೆಳ್ಳುಳ್ಳಿ ಬೇಡವಾದರೆ ಶುಂಠಿ ಹೆಚ್ಚಿಸಿ.

ಹಿಂಗುಡಬ್ಬಿ: ನಿಷೇಧ ಸನ್ಯಾಸಿಗಳಿಗೆ. ನಾನು ಸಂಸಾರಸ್ಥೆ.

ಅರ್ಧ ಬುಸಾನ್: ಮೆಜು ಕೊಂಡೇ ತರುತ್ತೇನೆ. ಬಾಲ್ಕನಿಗೆ ಗಾಜಿದೆ, ಭರಣಿಗೆ ನೇರ ಬಿಸಿಲು ಬೇಕೇ?

ಭರಣಿ ಭಟ್ರು: ಬೇಕು. ಬಿಸಿಲಿದ್ದಾಗ ಗಾಜು ಸರಿಸಿ, ಮುಚ್ಚಳ ತೆಗೆದು, ತೆಳುಬಟ್ಟೆ ಬಿಗಿಯಾಗಿ ಕಟ್ಟಿ. ಒಂದು ನೊಣ ಕೂತರೆ ಹುಳು. ಮಳೆ ಬಂದರೆ ತಕ್ಷಣ ಮುಚ್ಚಿ. ಮತ್ತೆ, ಅರವತ್ತಕ್ಕೆ ಬಸಿಯಬೇಡಿ.