‘1883’ ಧಾರಾವಾಹಿ: ರೈಲು ಬಂದ ಮೇಲೂ ಬಂಡಿಯ ಪ್ರಯಾಣವೇಕೆ?

ಗವಿಮಠದ ದಾರಿ (ಕೊಪ್ಪಳ):

ಟೇಲರ್ ಶೆರಿಡನ್ ಅವರ ‘1883’ರ ಹತ್ತೂ ಕಂತುಗಳನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು. ಮೊದಲ ಕಂತಿನಲ್ಲಿ ಮಾರ್ಗರೆಟ್ ಡಟನ್ ತನ್ನ ಮಕ್ಕಳೊಂದಿಗೆ ಟೆಕ್ಸಾಸ್‌ನ ಫೋರ್ಟ್ ವರ್ತ್‌ಗೆ ಬಂದಿಳಿಯುವುದು ರೈಲಿನಲ್ಲಿ; ಅಲ್ಲಿಂದ ಮುಂದೆ ಒರೆಗಾನ್ ಕಡೆಗಿನ ಹಾದಿಯನ್ನು ಮಾತ್ರ ಯುರೋಪಿನ ವಲಸಿಗರ ಜೊತೆ ಬಂಡಿ ಕಟ್ಟಿಕೊಂಡು, ಕಳ್ಳಕಾಕರ ಭಯದಲ್ಲಿ, ಹೊಳೆ ದಾಟುತ್ತ ಸಾಗುತ್ತಾರೆ. ‘ರೈಲು ಇದ್ದ ಮೇಲೆ ಇಷ್ಟು ಕಷ್ಟ ಯಾಕ ಬೇಕಾಗಿತ್ತು?’ ಎಂದು ನಮ್ಮ ಅವ್ವ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾನೂನಿಲ್ಲದ ಆ ಸೀಮೆಯಲ್ಲಿ ಸಂಸಾರ ನಡೆದದ್ದು ನಿಜವಾಗಿಯೂ ಹೀಗೆಯೇ, ಅಥವಾ ಇದೆಲ್ಲ ಕಥೆಗಾಗಿ ಕಟ್ಟಿದ್ದೇ? ಬಲ್ಲವರು ತಿಳಿಸಬೇಕು.

ಮಾವಿನಕೆರೆ ದಂಡೆ (ರಾಯಚೂರು):

ನಿಮ್ಮ ತಾಯಿಯವರ ಅನುಮಾನ ಸರಿಯಾಗಿಯೇ ಇದೆ. ಅಮೆರಿಕದ ಪೂರ್ವ-ಪಶ್ಚಿಮಗಳನ್ನು ಜೋಡಿಸುವ ರೈಲು ಹಳಿ 1869ರಲ್ಲಿ ಯೂಟಾ ಪ್ರಾಂತದಲ್ಲಿ ಕೂಡಿತು, ಫೋರ್ಟ್ ವರ್ತ್‌ಗೆ 1876ರಲ್ಲಿ ರೈಲು ಬಂತು, ವಾಯವ್ಯ ದಿಕ್ಕಿನ ನಾರ್ದರ್ನ್ ಪೆಸಿಫಿಕ್ ಮಾರ್ಗವು ಮೊಂಟಾನಾದಲ್ಲಿ ಪೂರ್ಣಗೊಂಡದ್ದಂತೂ 1883ರ ಸೆಪ್ಟೆಂಬರ್‌ನಲ್ಲಿಯೇ. ಒರೆಗಾನ್ ದಾರಿಯಲ್ಲಿ ಬಂಡಿಗಳ ಸಾಲು ಸಾಗಿದ ಕಾಲ ಮುಖ್ಯವಾಗಿ 1840ರಿಂದ 1860ರ ದಶಕದವರೆಗಿನದು. ಅದನ್ನು ಕಥೆಗಾರರು ಇಪ್ಪತ್ತು ವರ್ಷ ಮುಂದಕ್ಕೆ ಎಳೆದುಕೊಂಡಿದ್ದಾರೆ. ಇದೇ ಡಟನ್ ಮನೆತನದ ಇಂದಿನ ಕಾಲದ ಧಾರಾವಾಹಿ ‘ಯೆಲ್ಲೋಸ್ಟೋನ್’ ಕಥೆಯ ವಂಶಾವಳಿಗೆ ಹೊಂದಿಸುವುದಕ್ಕಾಗಿ ಹೀಗೆ ಮಾಡಿರಬೇಕೆಂಬುದು ನನ್ನ ಊಹೆ.

ಆದರೆ ರೈಲು ಬಂದ ಕೂಡಲೇ ಬಂಡಿ ಮೂಲೆ ಸೇರುತ್ತದೆಂದು ನಾವಾದರೂ ಹೇಳಬಾರದು. ಮುಂಬಯಿ ಕಡೆಯ ಹಳಿಯೂ ಮದ್ರಾಸಿನ ಹಳಿಯೂ ನಮ್ಮ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅದಾಗಿ ಕೆಲವೇ ವರ್ಷಗಳಿಗೆ, 1876-78ರ ಬರದಲ್ಲಿ, ಹಳಿಯಿಂದ ದೂರವಿದ್ದ ಹಳ್ಳಿಗಳಿಗೆ ಕಾಳು ಮುಟ್ಟಬೇಕಾದರೆ ಎತ್ತಿನ ಬಂಡಿಯೇ ಬೇಕಾಗಿತ್ತು, ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು.

ಇನ್ನೊಂದು ಮಾತು. ಧಾರಾವಾಹಿಯಲ್ಲಿ ಪಾನಗೃಹಕ್ಕೆ ನುಗ್ಗಿ ವಿಚಾರಣೆಯಿಲ್ಲದೆ ಗುಂಡು ಹಾರಿಸುವ ಮಾರ್ಷಲ್ (ಪಟ್ಟಣದ ಪೊಲೀಸ್ ಅಧಿಕಾರಿ) ಜಿಮ್ ಕೋರ್ಟ್‌ರೈಟ್ ಇತಿಹಾಸದಲ್ಲಿ ನಿಜವಾಗಿಯೂ ಇದ್ದವನು. ಆದರೆ ಫೋರ್ಟ್ ವರ್ತ್‌ನಲ್ಲಿ ಅವನು ಆ ಹುದ್ದೆಯಲ್ಲಿದ್ದದ್ದು 1876ರಿಂದ 1879ರವರೆಗೆ ಮಾತ್ರ.

ಕೋಟೆ ಬುಡದವಳು (ಬಳ್ಳಾರಿ):

ಇಸವಿಗಳ ತಪ್ಪನ್ನು ಒಪ್ಪಿಕೊಂಡೇ ಹೇಳುತ್ತೇನೆ: ಸಂಸಾರದ ವಿಷಯದಲ್ಲಿ ಈ ಧಾರಾವಾಹಿ ಸುಳ್ಳಾಡಿಲ್ಲ. ಒರೆಗಾನ್ ದಾರಿಯಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ದರೋಡೆಕೋರರೂ ಅಲ್ಲ, ಮೂಲನಿವಾಸಿಗಳ ಬಾಣವೂ ಅಲ್ಲ. ಕಾಲರಾ, ಹೊಳೆಯ ಸೆಳವು, ಬಂಡಿಯ ಗಾಲಿ, ಕೈತಪ್ಪಿ ಹಾರಿದ ತಮ್ಮದೇ ಬಂದೂಕಿನ ಗುಂಡು. ದಾರಿ ತೋರಿಸುವ ಶಿಯಾ ಬ್ರೆನನ್ ಪಾತ್ರ ಆರಂಭವಾಗುವುದೇ ಸಿಡುಬಿನಿಂದ ತೀರಿಕೊಂಡ ಹೆಂಡತಿ-ಮಗಳ ಶವಗಳನ್ನು ಒಳಗಿಟ್ಟು ಮನೆಗೆ ಬೆಂಕಿ ಇಡುವುದರಿಂದ. ಆ ಪಾತ್ರ ಮಾಡಿರುವ ಸ್ಯಾಮ್ ಎಲಿಯಟ್ ಆ ದೃಶ್ಯದಲ್ಲಿ ಹೆಚ್ಚು ಮಾತನ್ನೇ ಆಡುವುದಿಲ್ಲ. ನಮ್ಮ ಸಂಜೆಯ ಧಾರಾವಾಹಿಗಳಾಗಿದ್ದರೆ ಅದೇ ಒಂದು ವಾರ ಎಳೆಯುತ್ತಿತ್ತು.

ಕಾನೂನಿಲ್ಲದ ಕಡೆ ನ್ಯಾಯ, ವೈದ್ಯ, ಹೆರಿಗೆ, ಮಣ್ಣು ಕೊಡುವುದು ಎಲ್ಲವೂ ಮನೆಯ ತಲೆಯ ಮೇಲೆಯೇ ಬೀಳುತ್ತವೆ, ಅದರಲ್ಲೂ ಹೆಂಗಸರ ಮೇಲೆ. ಮಗಳು ಕುದುರೆ ಏರಿ ದನ ಕಾಯುವ ಹುಡುಗರ ನಡುವೆ ಓಡಾಡತೊಡಗಿದಾಗ ಮಾರ್ಗರೆಟ್‌ಗೆ ಆಗುವ ಕಳವಳ ಯಾವ ತಾಯಿಗೂ ಹೊಸದಲ್ಲ. ತೆರೆಯ ಮೇಲಿನ ಗಂಡಹೆಂಡತಿ ಟಿಮ್ ಮೆಗ್ರಾ ಮತ್ತು ಫೇಯ್ತ್ ಹಿಲ್ ನಿಜಜೀವನದಲ್ಲಿಯೂ ದಂಪತಿಗಳಾಗಿರುವುದರಿಂದಲೋ ಏನೋ, ಅವರ ಜಗಳದಲ್ಲಿ ನಾಟಕೀಯತೆ ಕಾಣುವುದಿಲ್ಲ.

ಹೊಳೆಯಾಚೆ (ಗಂಗಾವತಿ):

ಇಂಥ ಕಥೆ ನಮ್ಮಲ್ಲಿಯೂ ಇದೆ. 1947-48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ನಿಜಾಮನ ಸೀಮೆಯ ಎಷ್ಟೋ ಮನೆತನಗಳು ಸೀಮೆ ದಾಟಿದವು. ಗಡಿಯಾಚೆ ಶಿಬಿರಗಳೆದ್ದವು, ಮುಂಡರಗಿ ಶಿಬಿರವನ್ನು ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುನ್ನಡೆಸಿದರು. ಅದನ್ನು ಇದೇ ರೀತಿ ಹತ್ತು ಕಂತುಗಳಲ್ಲಿ ತೆಗೆದರೆ ಹೇಗಿರುತ್ತದೆ?

ಮಾವಿನಕೆರೆ ದಂಡೆ (ರಾಯಚೂರು):

ಖಂಡಿತ ತೆಗೆಯಬೇಕು, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ, ಸರ್. ನಮ್ಮವರು ಊರು ಬಿಟ್ಟದ್ದು ತಮ್ಮ ಹೊಲಮನೆಗೇ ಮರಳುವ ಆಸೆಯಿಂದ, 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿದ ನಂತರ ಅನೇಕರು ಮರಳಿದರು ಕೂಡ. ಡಟನ್‌ರು ಹೊರಟದ್ದು ಬೇರೊಬ್ಬರ ನೆಲಕ್ಕೆ. ಧಾರಾವಾಹಿ ಇದನ್ನು ಮರೆಮಾಚಿಲ್ಲ ಎನ್ನುವುದನ್ನೂ ಹೇಳಬೇಕು: ಕೊನೆಯ ಭಾಗದಲ್ಲಿ ಮೂಲನಿವಾಸಿಗಳಾದ ಕ್ರೋ ಜನಾಂಗದ ಹಿರಿಯನೊಬ್ಬ ಮಾರ್ಗರೆಟ್‌ಳ ಗಂಡ ಜೇಮ್ಸ್‌ಗೆ ನೆಲೆಯೂರುವ ಕಣಿವೆಯನ್ನು ತಾನೇ ತೋರಿಸಿ, ಏಳು ತಲೆಮಾರಿನ ನಂತರ ನಮ್ಮವರು ಅದನ್ನು ಹಿಂದಕ್ಕೆ ಪಡೆಯುತ್ತಾರೆಂದು ಎಚ್ಚರಿಸುತ್ತಾನೆ.

ಗವಿಮಠದ ದಾರಿ (ಕೊಪ್ಪಳ):

ಎಲ್ಲರಿಗೂ ಧನ್ಯವಾದಗಳು. ಇದರ ಮುಂದಿನ ತಲೆಮಾರಿನ ಕಥೆಯಾದ ‘1923’ನ್ನೂ ಮನೆಮಂದಿಯೊಂದಿಗೆ ನೋಡಬಹುದೇ?

ಕೋಟೆ ಬುಡದವಳು (ಬಳ್ಳಾರಿ):

ಹ್ಯಾರಿಸನ್ ಫೋರ್ಡ್ ಮತ್ತು ಹೆಲೆನ್ ಮಿರೆನ್ ಅವರಿಗಾಗಿಯಾದರೂ ನೋಡಿ. ಮೂಲನಿವಾಸಿ ಹೆಣ್ಣುಮಕ್ಕಳನ್ನು ವಸತಿಶಾಲೆಯಲ್ಲಿ ದಂಡಿಸುವ ದೃಶ್ಯಗಳು ಬಹಳ ಕ್ರೂರವಾಗಿವೆ. ಮಕ್ಕಳು ಮಲಗಿದ ಮೇಲೆ ನೋಡುವುದು ಒಳ್ಳೆಯದು.