ಜಿಮ್ ಸಾಧನಗಳ ‘ರೀಕಾಲ್’: ‘ವಾಪಸ್’, ‘ಹಿಂಪಡೆ’ ಎರಡೂ ಒಗ್ಗುತ್ತಿಲ್ಲ

ಬಳಗದ ಎಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ.

ಇಲ್ಲಿನ ಪಿ.ಜೆ. ಬಡಾವಣೆಯ ಜಿಮ್ ಒಂದರ ಗೋಡೆಗೆ ಅಂಟಿಸಲು ಒಂದು ಪುಟದ ತಿಳಿವಳಿಕೆ ಪತ್ರ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ತಯಾರಕರು ದೋಷ ಕಂಡು ‘ರೀಕಾಲ್’ ಮಾಡಿದ, ಎಂದರೆ ‘ಬಳಸಬೇಡಿ’ ಎಂದು ಸಾರಿ ಹಣ, ದುರಸ್ತಿ ಅಥವಾ ಬದಲಿ ಕೊಡಲು ಮುಂದಾದ ವ್ಯಾಯಾಮ ಸಾಧನ ನಿಮ್ಮ ಮನೆಯಲ್ಲಿದ್ದರೆ ಏನು ಮಾಡಬೇಕು ಎಂಬುದು ವಿಷಯ. ವಿದೇಶದಿಂದ ಮರಳಿದವರ ಮನೆಸಾಮಾನಿನ ಜೊತೆ ಬಂದ ಡಂಬೆಲ್, ಮೂರನೆಯ ಕೈಗೆ ದಾಟಿದ ಟ್ರೆಡ್‌ಮಿಲ್ ನಮ್ಮ ಊರಿನಲ್ಲೂ ಇವೆ. ಉಳಿದ ಸಾಲುಗಳೆಲ್ಲ ಸಲೀಸಾಗಿ ಬಂದವು. ‘ರೀಕಾಲ್’ಗೆ ಒಪ್ಪುವ ಕನ್ನಡ ಪದ ಸಿಗದೆ ತಲೆಬರಹ ಮಾತ್ರ ಕೂರುತ್ತಿಲ್ಲ.

ಮೊದಲು ‘ವಾಪಸ್’ ಎಂದು ಬರೆದೆ. ಆದರೆ ದಾವಣಗೆರೆ ಬಟ್ಟೆ ಅಂಗಡಿಗಳ ಊರು. ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲನ್ನು ಬಿಲ್ಲಿನ ಅಡಿಯಲ್ಲಿ ಓದಿಯೇ ಬೆಳೆದವರು ನಾವು. ಇಲ್ಲಿ ವಾಪಸ್ ಎಂದರೆ ಗಿರಾಕಿ ಗೋಗರೆಯುವ ಸಂಗತಿ. ರೀಕಾಲ್‌ನಲ್ಲಿ ಮಾರಿದವನೇ ಗಿರಾಕಿಯನ್ನು ಹುಡುಕಿಕೊಂಡು ಬರಬೇಕು. ಮೇಲಾಗಿ ‘ವಾಪಸ್’ ಎಂದ ಕೂಡಲೇ ಓದುಗರ ಮನಸ್ಸು ದುಡ್ಡಿನತ್ತ ಓಡುತ್ತದೆ. ಪತ್ರದ ಉಳಿದ ಭಾಗವನ್ನು ಯಾರೂ ಓದುವುದಿಲ್ಲ.

ಪತ್ರಿಕೆಗಳು ಕಾರುಗಳ ವಿಷಯದಲ್ಲಿ ‘ಹಿಂಪಡೆ’ ಎಂದು ಬರೆಯುತ್ತವೆ. ನಾಮಪತ್ರ ಹಿಂಪಡೆಯುತ್ತೇವೆ, ಹೇಳಿಕೆ ಹಿಂಪಡೆಯುತ್ತೇವೆ, ಬ್ಯಾಂಕಿನಿಂದ ಹಣ ಹಿಂಪಡೆಯುತ್ತೇವೆ. ಎಲ್ಲ ಕಡೆಯೂ ವಸ್ತು ಹಿಂಪಡೆದವನ ಕೈಗೆ ಬಂದು ಸೇರುತ್ತದೆ. ಕಾರು ಹಾಗೆ ಸೇರುವುದಿಲ್ಲ: ಬಹಳ ಸಲ ಷೋರೂಮಿಗೆ ಹೋಗಿ ಒಂದು ಬಿಡಿಭಾಗ ಬದಲಿಸಿಕೊಂಡು ಸಂಜೆಗೆ ಮನೆಗೇ ಬರುತ್ತದೆ. ‘ಹಿಂದಕ್ಕೆ ಕರೆಸಿಕೊಳ್ಳು’ ರಾಯಭಾರಿಗಳಿಗೆ ಚೆನ್ನ. ‘ಮರುಕರೆ’ ಎಂದರೆ ಫೋನು ಬಂದಂತಾಗುತ್ತದೆ. ಯಂತ್ರಾನುವಾದವನ್ನು ಕೇಳಿದರೆ ಅದು ರೀಕಾಲ್‌ನ ಇನ್ನೊಂದು ಅರ್ಥವಾದ ‘ನೆನೆ’ಯನ್ನು ಹಿಡಿದು ‘ಡಂಬೆಲ್‌ಗಳನ್ನು ಸ್ಮರಿಸಲಾಗಿದೆ’ ಎಂದಿತು. ಶ್ರದ್ಧಾಂಜಲಿಗೆ ಹಾರವೊಂದೇ ಬಾಕಿ.

ತೊಡಕು ಎಲ್ಲಿದೆ ಎಂಬುದು ನಿಜವಾದ ಪ್ರಕರಣಗಳನ್ನು ಎದುರಿಗಿಟ್ಟುಕೊಂಡರೆ ಕಾಣುತ್ತದೆ. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೆಲೊಟಾನ್ ಕಂಪನಿಯ ಟ್ರೆಡ್+ ಎಂಬ ಸುಮಾರು 1,25,000 ಟ್ರೆಡ್‌ಮಿಲ್‌ಗಳ ರೀಕಾಲ್ ಆಯಿತು. ಒಂದು ಮಗು ಸತ್ತಿತ್ತು. ಮಕ್ಕಳು, ದೊಡ್ಡವರು, ಸಾಕುಪ್ರಾಣಿಗಳು, ವಸ್ತುಗಳು ಯಂತ್ರದ ಹಿಂಬದಿಯಿಂದ ಅಡಿಗೆ ಸೆಳೆಯಲ್ಪಟ್ಟ ಹತ್ತಾರು ದೂರುಗಳಿದ್ದವು. ಪಟ್ಟೆಪಟ್ಟೆಯಾಗಿ ಜೋಡಿಸಿದ ಬೆಲ್ಟು, ನೆಲಕ್ಕೂ ಯಂತ್ರಕ್ಕೂ ನಡುವೆ ಸಂದು, ಹಿಂದೆ ಅಡ್ಡಗಟ್ಟು ಇಲ್ಲ. ಹಿಟ್ಟಿನ ಗಿರಣಿಯ ಬೆಲ್ಟಿಗೆ ಸೆರಗು ಸಿಕ್ಕೀತೆಂದು ನಮ್ಮ ಅಜ್ಜಿಯರು ಹೆದರುತ್ತಿದ್ದುದು ಇಂಥದ್ದಕ್ಕೇ. ಪರಿಹಾರವಾಗಿ ಪೂರ್ತಿ ಹಣ ಕೊಡುವುದಾಗಿ ಕಂಪನಿ ಹೇಳಿತು. ಯಂತ್ರ ಬೇಕೆನ್ನುವವರಿಗೆ, ಮಕ್ಕಳು ಹೋಗದ ಕೋಣೆಗೆ ಅದನ್ನು ಉಚಿತವಾಗಿ ಸಾಗಿಸಿಕೊಡುವುದಾಗಿಯೂ ಹೇಳಿತು. ನಾಲ್ಕಂಕಿಯ ಗುಪ್ತಸಂಖ್ಯೆ ಒತ್ತದೆ ಓಡದಂತೆ ಬೀಗವನ್ನೂ ಸೇರಿಸಿತು. ಎಂದರೆ ರೀಕಾಲ್ ಆದ ಯಂತ್ರ ಅದೇ ಮನೆಯಲ್ಲಿ ಪಕ್ಕದ ಕೋಣೆಗೆ ಹೋದರೂ ಆಯಿತು! ಇದಕ್ಕೆ ‘ಹಿಂಪಡೆದರು’ ಎನ್ನುವುದು ಹೇಗೆ?

ಅದೇ ಕಂಪನಿ 2023ರ ಮೇನಲ್ಲಿ ಸುಮಾರು 22 ಲಕ್ಷ ವ್ಯಾಯಾಮ ಸೈಕಲ್‌ಗಳ ರೀಕಾಲ್ ಮಾಡಿತು. ತುಳಿಯುತ್ತಿರುವಾಗ ಸೀಟಿನ ಕಂಬ ಮುರಿದ 35 ದೂರುಗಳು ಬಂದಿದ್ದವು. ಇಲ್ಲಿ ಸೈಕಲ್ ಕದಲಲೇ ಇಲ್ಲ. ಹೊಸ ಕಂಬವೇ ಮನೆಗೆ ಬಂತು, ಮಾಲೀಕರೇ ಕೂರಿಸಿಕೊಳ್ಳಬೇಕಿತ್ತು. 2025ರ ಜೂನ್‌ನಲ್ಲಿ ಬೋಫ್ಲೆಕ್ಸ್ ಎಂಬ ಇನ್ನೊಂದು ಬ್ರಾಂಡಿನ 552 ಮತ್ತು 1090 ಮಾದರಿಯ ಡಂಬೆಲ್‌ಗಳ ಸರದಿ, ಸುಮಾರು 38 ಲಕ್ಷ. ತೂಕ ಹೊಂದಿಸುವ ಬಿಲ್ಲೆಗಳು ಎತ್ತುವಾಗಲೇ ಹಿಡಿಯಿಂದ ಕಳಚಿ ಬೀಳುತ್ತವೆ ಎಂಬುದು ದೋಷ.

ಮೊದಲೆರಡರಲ್ಲಿ ವಸ್ತು ಎತ್ತ ಹೋಯಿತು ಎಂಬುದು ಬೇರೆ ಬೇರೆ. ‘ಇನ್ನು ಬಳಸಬೇಡಿ’ ಎಂಬ ಮೊದಲ ಮಾತು ಮಾತ್ರ ಮೂರರಲ್ಲೂ ಒಂದೇ. ನಮ್ಮ ಪದಗಳೆಲ್ಲ ಸಾಗಾಟವನ್ನು ಹೇಳುತ್ತವೆ, ನಿಲುಗಡೆಯನ್ನು ಹೇಳುವುದಿಲ್ಲ ಎಂಬುದು ನನ್ನ ತಕರಾರು.

ಕಾನೂನಿನಲ್ಲೂ ರೀಕಾಲ್ ಎಂದರೆ ಬರೀ ಹಣ ವಾಪಸ್ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಕಲಮು ಅಪಾಯಕಾರಿ ಸರಕಿನ ರೀಕಾಲ್ ಅನ್ನು ಒಂದು ಉಪಖಂಡದಲ್ಲಿ, ಕೊಂಡವರಿಗೆ ಬೆಲೆ ಮರುಪಾವತಿಸುವುದನ್ನು ಇನ್ನೊಂದರಲ್ಲಿ ಇಡುತ್ತದೆ. ಎರಡನ್ನೂ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಮಿನಲ್ಲಂತೂ ಹಣ ಕೊಡುವುದು, ಬದಲಿ ವಾಹನ ಕೊಡುವುದು, ದುರಸ್ತಿ ಮಾಡುವುದು ಎಲ್ಲವೂ ರೀಕಾಲ್‌ನ ಹೊಟ್ಟೆಯೊಳಗೇ ಇವೆ.

ಹಳೆಯ ಗರಡಿಯೊಂದರ ವಸ್ತಾದರನ್ನೂ ವಿಚಾರಿಸಿದೆ. ಗದೆಯ ಹಿಡಿ ಸಡಿಲವಾದರೆ ಏನೆನ್ನುತ್ತೀರಿ ಎಂದು ಕೇಳಿದ್ದಕ್ಕೆ ಅವರು, ‘ಏನೂ ಅನ್ನುವುದಿಲ್ಲ. ಹಿಡಿಗೊಂದು ಕೆಂಪು ಬಟ್ಟೆ ಕಟ್ಟಿ ಗೋಡೆಗೆ ಒರಗಿಸುತ್ತೇವೆ, ಹುಡುಗರು ಮುಟ್ಟುವುದಿಲ್ಲ’ ಎಂದರು. ನಾಮಪದ ಸಿಗಲಿಲ್ಲ, ಆದರೆ ನನಗೆ ಬೇಕಾದ ಅರ್ಥ ಇದೇ.

ಸದ್ಯಕ್ಕೆ ನಾನು ಕಟ್ಟಿಕೊಂಡಿರುವುದು ‘ಬಳಕೆತಡೆ’. ‘ಈ ಡಂಬೆಲ್‌ಗೆ ತಯಾರಕರಿಂದಲೇ ಬಳಕೆತಡೆ ಆಗಿದೆ, ಪರಿಹಾರಕ್ಕೆ ಬರೆದುಕೊಳ್ಳಿ’ ಎಂಬಂತೆ. ವಸ್ತು ನಿಜಕ್ಕೂ ಹಿಂದಿರುಗುವಲ್ಲಿ ಮಾತ್ರ ‘ಹಿಂಪಡೆ’. ಜಿಮ್‌ನ ಹುಡುಗರು ‘ರೀಕಾಲ್ ಎಂದೇ ಹಾಕಿ ಸಾರ್’ ಎನ್ನುತ್ತಾರೆ. ಅವರಿಗೆ ಅದು ತಿಳಿಯುತ್ತದೆ, ಮನೆಯಲ್ಲಿ ಟ್ರೆಡ್‌ಮಿಲ್ ಪಕ್ಕ ಮೊಮ್ಮಗುವನ್ನು ಆಡಿಸುವವರಿಗೆ ತಿಳಿಯುವುದಿಲ್ಲ.

ಬಲ್ಲವರಲ್ಲಿ ಎರಡು ಪ್ರಶ್ನೆ. ‘ತಡೆ’ ಎಂದೊಡನೆ ನಿಮಗೆ ನ್ಯಾಯಾಲಯದ ತಡೆಯಾಜ್ಞೆ ನೆನಪಾಗಿ, ಇದು ಸರ್ಕಾರದ ನಿಷೇಧವೆಂದು ತೋರುತ್ತದೆಯೇ? ವಾಹನದ ಷೋರೂಮು, ಔಷಧ ಅಂಗಡಿಗಳಲ್ಲಿ ಕೆಲಸ ಮಾಡುವವರು ಗಿರಾಕಿಗೆ ಫೋನು ಮಾಡಿ ಈ ವಿಷಯ ತಿಳಿಸುವಾಗ ಬಾಯಿಂದ ಬರುವ ಮೊದಲ ಕನ್ನಡ ಮಾತು ಯಾವುದು? ಪತ್ರ ಮುಂದಿನ ವಾರ ಅಚ್ಚಿಗೆ ಹೋಗಬೇಕು.