ಶನಿವಾರ ವಿಂಬಲ್ಡನ್ ಕ್ಯೂ, ಭಾನುವಾರ ನಿಮ್ಮ ಆಟ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡ್ತಾ ಕೂತರೆ ಮುಗಿಯಲ್ಲ, ಹೇಳಿಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಅಳಿಯಂದಿರಿಗೂ ಕೇಳಿಸು. ನೀನು ಕೇಳಿರೋದು ಏನು, ವಿಂಬಲ್ಡನ್ನಿನ ಮಧ್ಯದ ವಾರಾಂತ್ಯ ಇಬ್ಬರಿಗೂ ರಜ, ಕೈಯಲ್ಲಿ ಟಿಕೆಟ್ ಇಲ್ಲ. ಶನಿವಾರ ಬೆಳಗ್ಗೆ ಪಾರ್ಕ್‌ರನ್, ಅದೇ ಪಾರ್ಕಲ್ಲಿ ಎಲ್ಲರೂ ಸೇರಿ ಓಡೋ ಓಟ, ಓಡಿ, ಮಧ್ಯಾಹ್ನ ಬ್ಯಾಡ್ಮಿಂಟನ್ ಆಡಿ, ಭಾನುವಾರ ಬೆಳಗಿನ ಜಾವ ಎದ್ದು ಕ್ಯೂಗೆ, ಅಂದ್ರೆ ಅವತ್ತಿನ ಟಿಕೆಟ್‌ಗೆ ನಿಲ್ಲೋ ಸಾಲಿಗೆ, ಹೋಗೋಣ ಅಂತ. ಎಲ್ಲಾ ಆಗುತ್ತೆ ಕಣೇ, ಆದ್ರೆ ದಿನ ಅದಲುಬದಲು ಮಾಡಿಕೊಳ್ಳಿ. ಶನಿವಾರ ನೋಡಿ, ಭಾನುವಾರ ಆಡಿ.

ಕಾರಣ ಟ್ರೈನು. ಶುಕ್ರವಾರ ಶನಿವಾರ ರಾತ್ರಿ ಲಂಡನ್ ಮೆಟ್ರೋದ ಪಿಕಡಿಲಿ ಲೈನ್ ಇಡೀ ರಾತ್ರಿ ಓಡುತ್ತೆ, ನಿಮ್ಮ ಹೌನ್ಸ್‌ಲೋ ಇಂದ ಅರ್ಲ್ಸ್ ಕೋರ್ಟ್‌ವರೆಗೆ ಯಾವ ಹೊತ್ತಲ್ಲಾದ್ರೂ ಬರಬಹುದು. ಅಲ್ಲಿಂದ ಕ್ಯೂ ಹತ್ತಿರದ ಸ್ಟೇಷನ್ ಸೌತ್‌ಫೀಲ್ಡ್ಸ್‌ಗೆ ಡಿಸ್ಟ್ರಿಕ್ಟ್ ಲೈನೇ ಬೇಕು, ಅದಕ್ಕೆ ರಾತ್ರಿ ಓಡಾಟ ಇಲ್ಲ. ಶನಿವಾರ ಅದು ವಾರದ ದಿನಗಳ ಹಾಗೇ ಬೇಗ ಶುರುವಾಗುತ್ತೆ, ಭಾನುವಾರ ತಡ. ಭಾನುವಾರ ನಿಮ್ಮ ಮೊದಲ ಟ್ರೈನ್ ಬರೋಷ್ಟರಲ್ಲಿ ಟೆಂಟ್ ಹಾಕಿ ಮಲಗಿದ್ದವರು, ಟ್ಯಾಕ್ಸಿ ಮಾಡಿಕೊಂಡು ಬಂದವರು ಎಲ್ಲಾ ಮುಂದೆ ನಿಂತಿರ್ತಾರೆ. ಎರಡನೇ ಕಾರಣ ಮೈ. ಹದಿನೈದು ಗಂಟೆ ಹೊರಗೆ ಇದ್ದು ಬಂದ ಮೇಲೆ ಒಂದು ರಾತ್ರಿ ನಿದ್ದೆ ಬೇಕು, ಸೋಮವಾರ ಬೆಳಗ್ಗೆ ಆಫೀಸಲ್ಲ.

ಹಾಗಾಗಿ ಆ ಒಂದು ಶನಿವಾರ ಪಾರ್ಕ್‌ರನ್ ಬಿಡಿ. ಒಂಬತ್ತಕ್ಕೆ ಐದು ಕಿಲೋಮೀಟರ್ ಓಡಿ ಆಮೇಲೆ ಕ್ಯೂಗೆ ಬಂದ್ರೆ ಒಳಗೆ ಹೋಗೋದು ಸಂಜೆನೇ. ಪಾರ್ಕ್‌ರನ್ ವರ್ಷವಿಡೀ ಪ್ರತಿ ಶನಿವಾರ ಇರುತ್ತೆ, ದುಡ್ಡಿಲ್ಲ. ಒಂದು ಸಲ ಹೆಸರು ನೋಂದಾಯಿಸಿ ಬಾರ್‌ಕೋಡ್ ತಗೊಂಡ್ರೆ ಯಾವ ಊರಿನ ಪಾರ್ಕ್‌ರನ್ನಿಗೂ ಅದೇ ನಡೆಯುತ್ತೆ. ಬಾರ್‌ಕೋಡ್ ಮರೆತರೆ ಓಡಬಹುದು, ಟೈಮ್ ಮಾತ್ರ ದಾಖಲಾಗಲ್ಲ. ಮುಂದಿನ ವಾರ ಬುಶಿ ಪಾರ್ಕಿಗೇ ಹೋಗಿ. 2004ರಲ್ಲಿ 13 ಜನ ಓಡಿ ಇದು ಶುರುವಾಗಿದ್ದು ಅಲ್ಲೇ, ನಿಮಗೆ ದೂರವೂ ಅಲ್ಲ.

ಈಗ ಕ್ಯೂ ವಿಷಯ, ಇದನ್ನ ಸರಿಯಾಗಿ ಕೇಳಿಸಿಕೊಳ್ಳಿ. ಸೌತ್‌ಫೀಲ್ಡ್ಸ್‌ನಲ್ಲಿ ಇಳಿದು ಕಾಲು ಗಂಟೆ ನಡಿಗೆ. ವಿಂಬಲ್ಡನ್ ಅಂತಲೇ ಹೆಸರಿದೆಯಲ್ಲ ಅಂತ ಕೊನೇ ಸ್ಟೇಷನ್‌ವರೆಗೆ ಹೋಗಬೇಡಿ, ಅಲ್ಲಿಂದ ಇನ್ನೂ ಜಾಸ್ತಿ ನಡೀಬೇಕು. ಆರು ಗಂಟೆ ಆಸುಪಾಸಿಗೆ ಸಾಲು ನಿಲ್ಲೋ ವಿಂಬಲ್ಡನ್ ಪಾರ್ಕ್ ಒಳಗಿರಿ. ಸಾಲಿನ ಕೊನೇಲಿ ನಿಂತ ತಕ್ಷಣ ತಾರೀಖು, ನಂಬರ್ ಇರೋ ಕ್ಯೂ ಕಾರ್ಡ್ ಕೊಡ್ತಾರೆ, ಒಬ್ಬರಿಗೆ ಒಂದು. ಇಬ್ಬರೂ ನಿಲ್ಲಲೇಬೇಕು. ಒಬ್ಬರು ನಿಂತು ಇನ್ನೊಬ್ಬರು ಒಂಬತ್ತಕ್ಕೆ ಬಂದು ಸೇರಿಕೊಳ್ಳೋದು ಅಲ್ಲಿ ನಡೆಯಲ್ಲ. ಟಾಯ್ಲೆಟ್ಟಿಗೋ ಕಾಫಿಗೋ ಹೋಗಬಹುದು, ಅರ್ಧ ಗಂಟೆ ಒಳಗೆ ವಾಪಸ್ ಬರಬೇಕು. ಕಾರ್ಡ್ ಮಾತ್ರ ಕಳೀಬೇಡಿ, ಟಿಕೆಟ್ ಕೊಳ್ಳೋವರೆಗೂ ಅದೇ ನಿಮ್ಮ ಜಾಗ.

ಟೆಂಟ್ ಹಾಕೋಣ್ವಾ ಅಂತ ಅಳಿಯಂದಿರು ಕೇಳಿದಾರೆ. ಮೊದಲ ಸಲಕ್ಕೆ ಬೇಡ ಅಂತೀನಿ. ಸೆಂಟರ್ ಕೋರ್ಟ್, ಒಂದು, ಎರಡು, ಈ ಮೂರು ದೊಡ್ಡ ಕೋರ್ಟುಗಳಿಗೆ ದಿನಕ್ಕೆ ತಲಾ ಸುಮಾರು 500 ಟಿಕೆಟ್ ಕ್ಯೂನವರಿಗೆ ಇಟ್ಟಿರ್ತಾರೆ, ಸೆಂಟರ್ ಕೋರ್ಟಿಗೆ ಕೊನೇ ನಾಲ್ಕು ದಿನ ಅದೂ ಇಲ್ಲ. ರಾತ್ರಿ ಮಲಗೋರು ಅದಕ್ಕೋಸ್ಕರ ಮಲಗೋದು. ಟೆಂಟ್ ಇಬ್ಬರು ಹಿಡಿಸೋ ಅಳತೆಗಿಂತ ದೊಡ್ಡದಿರಬಾರದು, ಒಲೆ ಹಚ್ಚೋ ಹಾಗಿಲ್ಲ. ಬೆಳಗಿನ ಜಾವವೇ ಎಬ್ಬಿಸಿ ಟೆಂಟ್ ಬಿಚ್ಚಿಸ್ತಾರೆ, ಲಗೇಜ್ ಕೊಡೋದಕ್ಕೆ ಮತ್ತೊಂದು ಸಾಲು. ಜುಲೈ ಆದ್ರೂ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಇಳಿದು ನಡುಕ ಬರುತ್ತೆ.

ನೀವು ಗ್ರೌಂಡ್ ಪಾಸ್ ತಗೊಳ್ಳಿ, 30 ಪೌಂಡ್ ಆಸುಪಾಸು, ಸಂಜೆ ಐದರ ಮೇಲೆ ಕಮ್ಮಿ ಆಗುತ್ತೆ. ಮೂರರಿಂದ 18ರವರೆಗಿನ ಕೋರ್ಟುಗಳಲ್ಲಿ ರಿಸರ್ವ್ ಇಲ್ಲದ ಸೀಟಿಗೆ ಮೊದಲು ಬಂದವರು ಮೊದಲು. ಹತ್ತಕ್ಕೆ ಗೇಟ್, ಹನ್ನೊಂದಕ್ಕೆ ಹೊರಗಿನ ಕೋರ್ಟುಗಳಲ್ಲಿ ಆಟ ಶುರು. ಮಧ್ಯದ ಶನಿವಾರ ಸಿಂಗಲ್ಸ್ ಮೂರನೇ ಸುತ್ತು ನಡೀತಾ ಇರುತ್ತೆ, ದೊಡ್ಡ ಹೆಸರೆಲ್ಲ ದೊಡ್ಡ ಕೋರ್ಟಲ್ಲಿ. ನೀವು ಡಬಲ್ಸ್ ನೋಡಿ. ಚಿಕ್ಕ ಕೋರ್ಟಲ್ಲಿ ಮುಂದಿನ ಬೆಂಚಿಗೆ ಕೂತ್ರೆ, ನೆಟ್ಟಿನ ಹತ್ತಿರ ನಿಂತವನು ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡೋದು, ಸರ್ವ್ ಮಾಡೋವಾಗ ಇಬ್ಬರೂ ಪಿಸುಗುಟ್ಟೋದು, ಎಲ್ಲಾ ಕಣ್ಣೆದುರೇ ಇರುತ್ತೆ. ಟೀವಿಯಲ್ಲಿ ಇದು ಸಿಗಲ್ಲ. ನಮ್ಮ ಕೊಡಗಿನ ಬೋಪಣ್ಣ 2013, 2015, 2023, ಮೂರು ಸಲ ಇಲ್ಲಿ ಡಬಲ್ಸ್ ಸೆಮಿಫೈನಲ್‌ವರೆಗೆ ಬಂದಿದ್ದರು. ಕೊನೇ ಸಲ ಅವರಿಗೆ 43 ವರ್ಷ. ಆ ಆಟ ಎಷ್ಟು ಲೆಕ್ಕಾಚಾರದ್ದು ಅಂತ ಹತ್ತಿರದಿಂದ ನೋಡಿದ್ರೇನೇ ಗೊತ್ತಾಗೋದು.

ದೊಡ್ಡ ಕೋರ್ಟೂ ನೋಡಬೇಕು ಅಂದ್ರೆ ದಾರಿ ಇದೆ. ಮನೆಗೆ ಬೇಗ ಹೊರಟವರು ಬಿಟ್ಟುಹೋದ ಟಿಕೆಟ್‌ನ ಮಧ್ಯಾಹ್ನದ ಮೇಲೆ ಹತ್ತು, ಹದಿನೈದು ಪೌಂಡಿಗೆ ಮತ್ತೆ ಮಾರ್ತಾರೆ, ಆ ದುಡ್ಡು ದಾನಕ್ಕೆ ಹೋಗುತ್ತೆ. ಅದರ ಸಾಲು ವಿಂಬಲ್ಡನ್ ಆ್ಯಪ್‌ನಲ್ಲಿ. ಆ್ಯಪ್ ಹಾಕಿಕೊಂಡು ಅಕೌಂಟ್ ಮಾಡೋದು ಮನೇಲೇ ಮುಗಿಸಿ, ಅಷ್ಟು ಜನರ ಮಧ್ಯೆ ನೆಟ್‌ವರ್ಕ್ ಎಳೆದಾಡುತ್ತೆ. ಪವರ್ ಬ್ಯಾಂಕ್ ಒಂದಿರಲಿ. ಸಂಜೆ ಐದು, ಆರಕ್ಕೆ ನಿಮ್ಮ ಸರದಿ ಬಂದರೂ ಬೇಜಾರಿಲ್ಲ, ಜುಲೈನಲ್ಲಿ ಒಂಬತ್ತರವರೆಗೂ ಬೆಳಕಿರುತ್ತೆ.

ಬ್ಯಾಗ್ ಒಬ್ಬರಿಗೆ ಒಂದೇ, 40, 30, 30 ಸೆಂಟಿಮೀಟರ್ ಒಳಗೆ. ಊಟ ಒಳಗೆ ತಗೊಂಡು ಹೋಗಬಹುದು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಪುಳಿಯೋಗರೆ, ಚಪಾತಿ ಪಲ್ಯ ಸುತ್ತಿದ್ದು ಸಂಜೆವರೆಗೂ ಇರುತ್ತೆ. ಮೊಸರನ್ನ ಬೇಡ, ಬಿಸಿಲಲ್ಲಿ ಹುಳಿ ಬರುತ್ತೆ. ಕೂರೋಕೆ ಒಂದು ಪ್ಲಾಸ್ಟಿಕ್ ಹಾಳೆ, ಟೋಪಿ, ಸನ್‌ಸ್ಕ್ರೀನ್, ಜೊತೆಗೆ ತೆಳು ಮಳೆ ಕೋಟು. ಕೊಡೆ ಬಿಚ್ಚಿದ್ರೆ ಹಿಂದಿನವರಿಗೆ ಕಾಣಲ್ಲ. ಮಳೆ ಬಂದ್ರೆ ಸೆಂಟರ್ ಕೋರ್ಟಿಗೂ ಒಂದನೇ ಕೋರ್ಟಿಗೂ ಚಾವಣಿ ಮುಚ್ಚುತ್ತೆ. ಉಳಿದ ಕಡೆ ಹನಿ ಬಿದ್ದರೂ ಆಟ ನಿಲ್ಲಿಸ್ತಾರೆ, ಒದ್ದೆ ಹುಲ್ಲಲ್ಲಿ ಕಾಲು ಜಾರಿ ಮಂಡಿ ಹೋಗುತ್ತೆ ಅನ್ನೋ ಭಯ. ಆಗ ಸೀಟ್ ಬಿಟ್ಟು ಓಡಬೇಡಿ. ಹೊದಿಕೆ ತೆಗೆಯೋದನ್ನ ಕಾದು ಕೂತವರಿಗೇ ಮುಂದಿನ ಸಾಲು.

ಭಾನುವಾರ ಬೆಳಗ್ಗೆ ಎಂಟಕ್ಕೆ ಬ್ಯಾಡ್ಮಿಂಟನ್ ಕೋರ್ಟ್ ಹಿಡೀಬೇಡಿ, ಹನ್ನೊಂದಕ್ಕೆ ಹಿಡೀರಿ. ದಿನವಿಡೀ ನಿಂತ ಮೀನಖಂಡ ಬಿಗಿದಿರುತ್ತೆ. ಹಾಗೇ ಹಿಂದಕ್ಕೆ ಹಾರಿ ಸ್ಮ್ಯಾಶ್ ಹೊಡೆದರೆ ಹಿಮ್ಮಡಿ ಮೇಲಿನ ನರ ಎಳೆದುಕೊಳ್ಳುತ್ತೆ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಮೊದಲ ಗೇಮ್ ಅರ್ಧ ಕೋರ್ಟಲ್ಲೇ ಆಡಿ. ಕೌನ್ಸಿಲ್ ಲೀಷರ್ ಸೆಂಟರ್‌ನಲ್ಲಿ ಸದಸ್ಯರಿಗೆ ಬುಕಿಂಗ್ ಮೊದಲು ತೆಗೆಯುತ್ತೆ, ಉಳಿದವರಿಗೆ ಆಮೇಲೆ. ಶೂ ತಳ ನೆಲದ ಮೇಲೆ ಕಪ್ಪು ಗೀರು ಹಾಕೋಂಥದ್ದಾದರೆ ಒಳಗೆ ಬಿಡಲ್ಲ, ಓಡೋ ಶೂ ಹಾಕ್ಕೊಂಡು ಹೋಗಬೇಡಿ.

ಶಟಲ್ ಬೆಂಗಳೂರಿಂದ ತಂದಿದೀವಿ ಅಂದ್ಯಲ್ಲ, ಆ ಡಬ್ಬ ಇಲ್ಲಿ ಸರಿಹೋಗಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತೆಳು, ಶಟಲ್ ದೂರ ಹೋಗುತ್ತೆ, ಅದಕ್ಕೇ ಅಲ್ಲಿ ನಿಧಾನದ ನಂಬರ್, 75 ಅಥವಾ 76, ಮಾರ್ತಾರೆ. ಲಂಡನ್ನಿನ ದಪ್ಪ, ತಣ್ಣನೆ ಗಾಳಿಯಲ್ಲಿ ಅದೇ ಶಟಲ್ ಮುಂಚೆನೇ ಬಿದ್ದುಹೋಗುತ್ತೆ, ಎದುರಿನ ಕೊನೇ ಗೆರೆವರೆಗೆ ಎತ್ತಿ ಹೊಡೆಯೋಕೆ ಭುಜ ಎಳೀಬೇಕಾಗುತ್ತೆ. ಇಲ್ಲಿ ಗರಿಯದ್ದಾದರೆ 77 ಅಥವಾ 78 ತಗೊಳ್ಳಿ. ಪ್ಲಾಸ್ಟಿಕ್‌ದಾದರೆ ಬೇಸಿಗೆಗೆ ನೀಲಿ ಪಟ್ಟಿ, ಚಳಿಗಾಲಕ್ಕೆ ಕೆಂಪು. ಪರೀಕ್ಷೆ ಸುಲಭ: ನಿಮ್ಮ ಹಿಂದಿನ ಗೆರೆಯ ನೇರಕ್ಕೆ ಶಟಲ್ ಹಿಡಿದು, ಕೆಳಗಿನಿಂದ ಮೇಲಕ್ಕೆ ಪೂರ್ತಿ ಬೀಸಿ ಹೊಡೀರಿ. ಎದುರಿನ ಕೊನೇ ಗೆರೆಗೆ 53ರಿಂದ 99 ಸೆಂಟಿಮೀಟರ್ ಈಚೆ ಬಿದ್ದರೆ ಅದು ಸರಿಯಾದ ಶಟಲ್.

ಆಟ ಮುಗಿಸಿ ಸ್ನಾನ ಮಾಡಿ, ಮಧ್ಯಾಹ್ನ ಕ್ಯೂ ಗ್ರೀನ್ ಕಡೆ ಹೋಗಿ. ಇದು ಸಾಲಿನ ಕ್ಯೂ ಅಲ್ಲ, ಊರಿನ ಹೆಸರು. ಕ್ಯೂ ಬ್ರಿಡ್ಜ್ ಸ್ಟೇಷನ್ನಿಂದ ಸೇತುವೆ ದಾಟಿದ್ರೆ ಸಿಗೋ ಹಸಿರು ಮೈದಾನ. ಚರ್ಚಿನ ಪಕ್ಕ ಬೇಸಿಗೆ ವಾರಾಂತ್ಯಗಳಲ್ಲಿ ಕ್ಲಬ್ ಕ್ರಿಕೆಟ್ ನಡೆಯುತ್ತೆ, ಟಿಕೆಟ್ ಇಲ್ಲ, ಬೌಂಡರಿ ಪಕ್ಕ ಹುಲ್ಲಲ್ಲಿ ಕೂತ್ಕೊಂಡು ನೋಡಬಹುದು. ಬಾಲ್ ಗಟ್ಟಿದು, ಫೋನ್ ನೋಡ್ತಾ ಕೂರಬೇಡಿ. ಅಳಿಯಂದಿರಿಗೆ ವಾರಾಂತ್ಯ ಆಡೋ ಆಸೆ ಇದ್ದರೆ ಟೀ ವೇಳೆ ಹೋಗಿ ಮಾತಾಡಿಸಲಿ. ಭಾನುವಾರದ ಸ್ನೇಹಪಂದ್ಯಕ್ಕೆ ಇಂಥ ಕ್ಲಬ್‌ಗಳಿಗೆ ಎಷ್ಟೋ ಸಲ ಹನ್ನೊಂದನೆಯವನು ಸಿಕ್ಕಿರಲ್ಲ.

ಶುಕ್ರವಾರ ರಾತ್ರಿ ಮಲಗೋ ಮುಂಚೆ ಡಿಸ್ಟ್ರಿಕ್ಟ್ ಲೈನಿಗೆ ರಿಪೇರಿ ಕೆಲಸ ಏನಾದ್ರೂ ಇದೆಯಾ ಅಂತ ಒಂದು ಸಲ ನೋಡಿಬಿಡು. ಕಾರ್ಡ್ ನಂಬರ್ ಸಿಕ್ಕಿದ ಮೇಲೆ ಇಲ್ಲಿ ಹಾಕು, ಎಷ್ಟು ಹೊತ್ತಿಗೆ ಒಳಗೆ ಹೋಗಬಹುದು ಅಂತ ಅಂದಾಜು ಹೇಳ್ತೀನಿ.